ಕೊಳ್ಳುವವರು ಕೆಲವರೇ ಇದ್ದಾಗ: ಕಬ್ಬಿನ ದರ ಮತ್ತು ಸ್ಪರ್ಧಾ ಕಾಯ್ದೆ

ಸ್ಪರ್ಧಾ ಕಾಯ್ದೆಯೆಂದರೆ ಮಾರುವವರು ಒಂದಾಗಿ ಗಿರಾಕಿಗಳನ್ನು ಸುಲಿಯದಂತೆ ತಡೆಯುವ ಕಾನೂನು ಎಂದೇ ಬಹುತೇಕರು ತಿಳಿದಿದ್ದಾರೆ. ಮುಧೋಳ, ಜಮಖಂಡಿ, ರಾಯಬಾಗ, ಗೋಕಾಕ ಕಡೆಯ ಕಬ್ಬು ಬೆಳೆಗಾರರ ಸ್ಥಿತಿ ಇದಕ್ಕೆ ತಿರುವುಮುರುವು. ಇಲ್ಲಿ ಮಾರುವವರು ಸಾವಿರಾರು ಜನ, ಕೊಳ್ಳುವ ಕಾರ್ಖಾನೆಗಳು ಕೆಲವೇ ಕೆಲವು.

ಕಾಯ್ದೆ ಈ ಸ್ಥಿತಿಯನ್ನು ಮರೆತಿಲ್ಲ. 1969ರ ಏಕಸ್ವಾಮ್ಯ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ, ಮಾರಾಟದ ದರದಂತೆಯೇ ಖರೀದಿಯ ದರವನ್ನೂ ಪ್ರತಿಸ್ಪರ್ಧಿಗಳು ಕೂಡಿ ನಿಗದಿ ಮಾಡುವುದನ್ನು ನಿಷೇಧಿಸುತ್ತದೆ. ಪ್ರಬಲ ಸ್ಥಾನದಲ್ಲಿರುವವರು ಖರೀದಿಯಲ್ಲಿ ಅನ್ಯಾಯದ ದರ ಹೇರುವುದನ್ನು 4ನೇ ಕಲಂ ದುರ್ಬಳಕೆ ಎನ್ನುತ್ತದೆ. ಈ ಕಾಯ್ದೆಯನ್ನು ಜಾರಿಗೊಳಿಸುವ ಭಾರತೀಯ ಸ್ಪರ್ಧಾ ಆಯೋಗಕ್ಕೆ ಯಾವ ವ್ಯಕ್ತಿಯಾದರೂ ಮಾಹಿತಿ ಸಲ್ಲಿಸಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದ್ದರಿಂದ, ಎರಡು ಎಕರೆಯ ರೈತನಿಗೂ ಆ ಬಾಗಿಲು ತೆರೆದಿದೆ.

ಆದರೆ ಸಾಬೀತು ಮಾಡುವುದೇ ಕಷ್ಟ. ಅಕ್ಕಪಕ್ಕದ ಕಾರ್ಖಾನೆಗಳು ಒಂದೇ ದರ ಪ್ರಕಟಿಸಿದವು ಎಂದ ಮಾತ್ರಕ್ಕೆ ಅವು ಒಪ್ಪಂದ ಮಾಡಿಕೊಂಡಿವೆ ಎಂದಾಗುವುದಿಲ್ಲ. ಒಬ್ಬರ ದರ ನೋಡಿ ಇನ್ನೊಬ್ಬರು ತಮ್ಮ ದರ ಇಡುವುದು ಅಪರಾಧವಲ್ಲ. ಅಡುಗೆ ಅನಿಲ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನೇ ಹೇಳಿತು. ಕೊಳ್ಳುವ ತೈಲ ಕಂಪನಿಗಳು ಮೂರೇ ಇದ್ದ ಆ ಮಾರುಕಟ್ಟೆಯ ಸ್ವರೂಪವನ್ನೂ ಗಮನಿಸಿದ ನ್ಯಾಯಾಲಯ, ತಯಾರಕರ ಮೇಲಿನ ದಂಡವನ್ನು ರದ್ದುಪಡಿಸಿತು.

ಇನ್ನೊಂದು ಪ್ರಶ್ನೆ ಮಾರುಕಟ್ಟೆಯ ಎಲ್ಲೆಯದು. ಕಡಿದ ಕಬ್ಬನ್ನು ಬೇಗ ನುರಿಸದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಇಳುವರಿಯೂ ಇಳಿಯುತ್ತದೆ. ಸಾಗಣೆಯ ವೆಚ್ಚವಂತೂ ದೂರದೊಂದಿಗೆ ಏರುತ್ತಲೇ ಹೋಗುತ್ತದೆ. ಆದ್ದರಿಂದ ರೈತನ ಮಾರುಕಟ್ಟೆಯೆಂದರೆ ಇಡೀ ರಾಜ್ಯವಲ್ಲ, ಅವನ ಟ್ರ್ಯಾಕ್ಟರ್ ಹೊತ್ತಿಗೆ ಸರಿಯಾಗಿ ಮುಟ್ಟಬಲ್ಲ ಕೆಲವೇ ಕಾರ್ಖಾನೆಗಳು. (ಕಾಟಾದ ಮೇಲಿನ ತೂಕದ ಜಗಳ ಬೇರೆಯೇ ಇದೆ, ಅದನ್ನು ಇಲ್ಲಿಗೆ ಎಳೆಯುವುದಿಲ್ಲ.)

ಈ ಇಕ್ಕಟ್ಟಿನಲ್ಲಿ ಸರ್ಕಾರದ ಪಾಲೂ ಇದೆ. 1966ರ ಕಬ್ಬು ನಿಯಂತ್ರಣ ಆದೇಶಕ್ಕೆ 2006ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಇರುವ ಕಾರ್ಖಾನೆಯಿಂದ 15 ಕಿಲೋಮೀಟರ್ ಒಳಗೆ ಹೊಸದೊಂದನ್ನು ಕಟ್ಟುವಂತಿಲ್ಲ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಈ ಅಂತರ 25 ಕಿಲೋಮೀಟರ್. ಪಕ್ಕದಲ್ಲೊಬ್ಬ ಪ್ರತಿಸ್ಪರ್ಧಿ ಬಾರದಂತೆ ಕಾನೂನೇ ಕಾವಲು ನಿಂತ ಮೇಲೆ, ಸ್ಪರ್ಧೆಯಿಲ್ಲವೆಂದು ಕಾರ್ಖಾನೆಯವರನ್ನಷ್ಟೇ ಬೈದು ಪ್ರಯೋಜನವಿಲ್ಲ. ಅಂತರದ ನಿಯಮವನ್ನೂ, ಇಂತಿಷ್ಟು ಪ್ರದೇಶದ ಕಬ್ಬು ಇಂಥ ಕಾರ್ಖಾನೆಗೇ ಎಂದು ಗೊತ್ತುಮಾಡುವ ಪ್ರದೇಶ ಮೀಸಲಾತಿಯನ್ನೂ ಕೈಬಿಡಬೇಕೆಂದು ಸಕ್ಕರೆ ವಲಯದ ನಿಯಂತ್ರಣಗಳನ್ನು ಪರಿಶೀಲಿಸಿದ ರಂಗರಾಜನ್ ಸಮಿತಿ 2012ರಲ್ಲೇ ಹೇಳಿತ್ತು.

ಸ್ಪರ್ಧೆಯನ್ನು ಹೀಗೆ ಕಟ್ಟಿಹಾಕಿದ್ದಕ್ಕೆ ಪ್ರತಿಯಾಗಿ ರೈತನಿಗೆ ಸಿಗುವುದು ಕೇಂದ್ರ ಸರ್ಕಾರ ಗೊತ್ತುಮಾಡುವ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ. 2025-26ರ ಹಂಗಾಮಿಗೆ ಶೇ. 10.25 ಸಕ್ಕರೆ ಇಳುವರಿಯ ಕಬ್ಬಿಗೆ ಅದು ಕ್ವಿಂಟಲಿಗೆ 355 ರೂಪಾಯಿ. ಕಟಾವು ಮತ್ತು ಸಾಗಣೆಯ ಖರ್ಚು ಇದರಲ್ಲೇ ಕಳೆಯುವುದರಿಂದ ಕೈಗೆ ಬರುವುದು ಕಡಿಮೆಯೇ. ಕನಿಷ್ಠವೆಂದು ಗೊತ್ತುಮಾಡಿದ ಈ ದರವನ್ನು ಮೀರಿ ಕೊಡಲು ಕಾರ್ಖಾನೆಗೆ ಒತ್ತಡ ಹುಟ್ಟಬೇಕಾದದ್ದು ಪಕ್ಕದ ಕಾರ್ಖಾನೆಯಿಂದ. ಅದು ಹುಟ್ಟದಿದ್ದಾಗ ರೈತರು ರಸ್ತೆಗಿಳಿಯುತ್ತಾರೆ.

ಆಯೋಗಕ್ಕೆ ದೂರು ಕೊಟ್ಟು ಕಾಯುವುದು ಕಬ್ಬಿಗೆ ಒಗ್ಗುವ ದಾರಿಯೂ ಅಲ್ಲ. ದರದಲ್ಲಿ ಕೈಜೋಡಿಸಿದ್ದಕ್ಕೆ ಸಿಮೆಂಟ್ ಕಂಪನಿಗಳ ಮೇಲೆ ಆಯೋಗ 2012ರಲ್ಲಿ ಹೇರಿದ ದಂಡ 2015ರಲ್ಲಿ ರದ್ದಾಗಿ, 2016ರಲ್ಲಿ ಮರಳಿ ಬಂದು, 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯ ಒಪ್ಪಿಗೆ ಪಡೆದು ಸುಪ್ರೀಂ ಕೋರ್ಟಿಗೆ ಹೋಯಿತು. ನನಗೆ ಹೆಚ್ಚು ಉಪಯುಕ್ತವೆನಿಸುವುದು ಯಾರೂ ಅಷ್ಟಾಗಿ ಮಾತಾಡದ 49ನೇ ಕಲಂ. ಒಂದು ನೀತಿಯಿಂದ ಸ್ಪರ್ಧೆಯ ಮೇಲಾಗುವ ಪರಿಣಾಮದ ಬಗ್ಗೆ ರಾಜ್ಯ ಸರ್ಕಾರವೂ ಆಯೋಗದ ಅಭಿಪ್ರಾಯ ಕೇಳಬಹುದು, ಆಯೋಗ 60 ದಿನಗಳೊಳಗೆ ಅದನ್ನು ಕೊಡಬೇಕು. ಆ ಅಭಿಪ್ರಾಯಕ್ಕೆ ಸರ್ಕಾರ ಬದ್ಧವಲ್ಲ, ನಿಜ. ಆದರೂ ಅಂತರದ ನಿಯಮ ಬೆಳಗಾವಿ ಮತ್ತು ಬಾಗಲಕೋಟೆಯ ಬೆಳೆಗಾರರ ದರದ ಮೇಲೆ ಏನು ಮಾಡುತ್ತಿದೆ ಎಂಬುದನ್ನು ಮುಂದಿನ ಹಂಗಾಮಿಗೆ ಮೊದಲೇ ಬರಹದಲ್ಲಿ ಪಡೆಯಲು ಬೆಂಗಳೂರಿನಿಂದ ಒಂದು ಪತ್ರ ಹೋದರೆ ಸಾಕು.