ಅಜ್ಜಿಯ ಕಣ್ಣು, ತಿಪ್ಪೇಶನ ಹೊಗೆ

ಕೊಬ್ಬರಿ ಸುಡುವ ವಾಸನೆ ಮೂಗಿಗೆ ಬಡಿದರೆ ನನಗೆ ದೇವರಿಗಿಂತ ಮೊದಲು ಅಜ್ಜಿ ನೆನಪಾಗುತ್ತಾಳೆ. ಹರಕೆಗೆ ಕೊಬ್ಬರಿ ಸುಡಿಸಿಕೊಳ್ಳುವ, ಚಳ್ಳಕೆರೆ ಸೀಮೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ನಮ್ಮ ತಿಪ್ಪೇಶ, ಇದಕ್ಕೆ ಬೇಸರ ಮಾಡಿಕೊಳ್ಳುವವನಲ್ಲ, ಆ ಧೈರ್ಯ ನನಗಿದೆ. ಅವನನ್ನು ನನಗೆ ತೋರಿಸಿದವಳೇ ಅವಳು.

ನಾಯಕನಹಟ್ಟಿಯ ತೇರು ನೋಡಿದವರಿಗೆ ಆ ವಾಸನೆಯನ್ನು ವಿವರಿಸಬೇಕಿಲ್ಲ. ಫಾಲ್ಗುಣದ ಬಿಸಿಲು, ಚಿತ್ತಾ ನಕ್ಷತ್ರ, ಒಳಮಠದಿಂದ ಹೊರಮಠದವರೆಗೂ ಜನವೋ ಜನ. ಕೊಬ್ಬರಿ ಬೆಂಕಿಗೆ ಬಿದ್ದ ಕೂಡಲೇ ಸಿಹಿಯಾಗಿ ಒಂದು ಪರಿಮಳ ಏಳುತ್ತದೆ, ಹೋಳಿಗೆ ಮಾಡುವ ಮನೆಯಂತೆ. ಆಮೇಲೆ ಎಣ್ಣೆ ಒಸರಲು ಶುರುವಾಗುತ್ತದೆ, ಚಟಚಟ ಸದ್ದು, ಕಪ್ಪು ಹೊಗೆ, ಗಂಟಲಲ್ಲಿ ಕಮಟು. ಈ ಸಲ ಉಟ್ಟು ಹೋಗಿದ್ದ ಸೀರೆಯನ್ನು ಒಗೆಯದೆ ಹಾಗೇ ಮಡಚಿ ಇಟ್ಟಿದ್ದೇನೆ. ಮನೆಯವರು ಮೂಗು ಮುರಿಯುತ್ತಾರೆ, ಮುರಿಯಲಿ.

ನಮ್ಮಜ್ಜಿ ಹರಕೆಯ ಕೊಬ್ಬರಿಯನ್ನು ತೇರಿನ ಹೊತ್ತಿಗೆ ಅಂಗಡಿಯಲ್ಲಿ ಕೊಂಡವಳಲ್ಲ. ಎಷ್ಟೋ ವಾರ ಮುಂಚೆ ಚಳ್ಳಕೆರೆ ಸಂತೆಯಲ್ಲಿ ಗಿಟುಕುಗಳನ್ನು ಒಂದೊಂದಾಗಿ ಎತ್ತಿ, ಉಗುರಿನಲ್ಲಿ ಗೀರಿ, ಮೂಗಿಗೆ ಹಿಡಿದು, ಬೂಸಲು ಬಂದಿದ್ದನ್ನು ಪಕ್ಕಕ್ಕಿಟ್ಟು ಆರಿಸುತ್ತಿದ್ದಳು. ಅಂಗಡಿಯವನು "ಸುಡೋಕೆ ತಾನೇ ಅಜ್ಜಿ?" ಅಂದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಸುಡೋಕಲ್ಲಪ್ಪ, ಕೊಡೋಕೆ." ಆ ಡಬ್ಬಿಗೆ ಮನೆಯ ಮಕ್ಕಳು ಕೈ ಹಾಕುವ ಹಾಗಿರಲಿಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಮಾಸಿದ ಇಳಕಲ್ ಸೀರೆ. ಯಾವಾಗಲೂ ಒದ್ದೆ ಒದ್ದೆಯಾಗಿರುತ್ತಿದ್ದ ಕಣ್ಣು. ದೇವರ ಮುಂದೆ ನಿಂತಾಗ ಆ ಕಣ್ಣಲ್ಲಿ ನೀರು ಇಳಿಯುವುದನ್ನು ನೋಡಿ, ಭಕ್ತಿ ಅಂದರೆ ಹೀಗಿರಬೇಕು ಅಂತ ನಾವು ಮೊಮ್ಮಕ್ಕಳು ನಂಬಿದ್ದೆವು.

ಇಡೀ ಸೀಮೆಯಲ್ಲಿ ಶೇಂಗಾ ಬೆಳೆ, ಚಳ್ಳಕೆರೆ ತುಂಬಾ ಎಣ್ಣೆ ಮಿಲ್ಲು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಅಂಥ ಕಡೆ ಸ್ವಾಮಿಗೆ ಮಾತ್ರ ಕೊಬ್ಬರಿಯೇ ಆಗಬೇಕು. ಯಾಕೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಕೆಲವರು ಮೈಮೇಲೆ ಹುಣ್ಣು ಕಜ್ಜಿ ಎದ್ದರೆ ಹರಕೆ ಹೊರುತ್ತಾರೆ, ಕೆಲವರು ಮಕ್ಕಳಾಗಲಿ ಅಂತ, ಕೆಲವರು ಸುಮ್ಮನೆ. ಬೆಂಕಿಗೆ ಹಾಕಿ ಕೈ ಮುಗಿದರೆ ಮುಗಿಯಿತು. ನಮ್ಮ ಮನೆಯವರಿಗೆ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಹಾಕಿದ ಮೇಲೆ ಎರಡು ಹೆಜ್ಜೆ ಮುಂದೆ ಹೋಗಿ, ಬಗ್ಗಿ, ಎರಡೂ ಅಂಗೈಯಲ್ಲಿ ಹೊಗೆಯನ್ನು ಬಾಚಿ ಕಣ್ಣಿಗೆ ತಂದುಕೊಳ್ಳಬೇಕು. ಕಣ್ಣು ಉರಿದು ನೀರು ಬಂದರೆ ಹರಕೆ ಸಂದಿತು ಅಂತ ಅರ್ಥ. ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಫ್ಲ್ಯಾಟಿನ ದೇವರ ಗೂಡಿನ ಮುಂದೆ ಊದುಬತ್ತಿ ಹೊಗೆಗೂ ಇದನ್ನೇ ಮಾಡುತ್ತಾನೆ. ಅವನ ಮಗಳೂ ಮಾಡುತ್ತಾಳೆ.

ಈ ಸಲ ನಾನು ಹಾಗೆ ಬಗ್ಗಿದ್ದಾಗ ಪಕ್ಕದಲ್ಲಿದ್ದ ಮೊಳಕಾಲ್ಮೂರು ಕಡೆಯ ಹೆಂಗಸೊಬ್ಬಳು ಬೂದಿಯನ್ನು ಚೀಟಿಗೆ ಕಟ್ಟಿಕೊಳ್ಳುತ್ತಿದ್ದಳು. ನನ್ನನ್ನೇ ನೋಡುತ್ತಾ, "ಯಾಕಕ್ಕ ಹೊಗೇನ ಕಣ್ಣಿಗೆ ತುಂಬ್ಕಂತೀಯ? ತಗಳೋದು ಬೂದಿ ಅಲ್ವಾ?" ಅಂದಳು. ನಾನು "ನಮ್ಮಲ್ಲಿ ಹಿಂಗೇ" ಅಂದೆ. ಅವಳು ತಲೆಯಾಡಿಸಿ ಹೋದಳು. ನನಗೆ ಮಾತ್ರ ಆ ಉತ್ತರ ಗಂಟಲಲ್ಲೇ ಸಿಕ್ಕಿಕೊಂಡಿತು. ನಮ್ಮಲ್ಲಿ ಅಂದರೆ ಯಾರಲ್ಲಿ? ಸುತ್ತ ನೋಡಿದರೆ ಅಷ್ಟು ದೊಡ್ಡ ಪರಿಸೆಯಲ್ಲಿ ಹೊಗೆ ಬಾಚಿಕೊಳ್ಳುವವರು ನನ್ನ ಕಣ್ಣಿಗೆ ಇನ್ನೊಬ್ಬರೂ ಬೀಳಲಿಲ್ಲ.

ರಾತ್ರಿ ಚಳ್ಳಕೆರೆಯಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದೆ. ಅತ್ತೆಗೆ ವಯಸ್ಸಾಗಿದೆ, ನೆನಪು ಮಾತ್ರ ಇನ್ನೂ ಮೊನಚು. ಕೇಳಿದೆ. ಅತ್ತೆ ನಗಲು ಶುರು ಮಾಡಿದವಳು ಕೆಮ್ಮು ಬರುವವರೆಗೂ ನಿಲ್ಲಿಸಲಿಲ್ಲ.

"ಅದು ಸಂಪ್ರದಾಯ ಅಂತ ತಿಳ್ಕಂಡಿದೀರೇನೇ ನೀವೆಲ್ಲ? ನಮ್ಮವ್ವಂಗೆ ಕಣ್ಣಾಗೆ ನೀರು ಸುರೀತಿತ್ತಲ್ಲ. ಮದುವೆಯಾಗಿ ಬಂದ ಹೊಸದ್ರಾಗೆ ಹಸಿ ಸೌದೆ ಒಲೆ ಊದೂದೂ ಹಂಗಾಗಿತ್ತು. ಯಾರೋ ಹೇಳಿದ್ರಂತೆ, ತಿಪ್ಪೇಶನ ಕೊಬ್ಬರಿ ಹೊಗೆ ಹಿಡಿ, ವಾಸಿಯಾಗ್ತತೆ ಅಂತ. ಅವಳು ಹಿಡಿದ್ಲು. ನೀವು ಹುಡುಗ್ರು ನೋಡಿ ನೀವೂ ಹಿಡಿದ್ರಿ."

"ವಾಸಿಯಾಯ್ತಾ ಅತ್ತೆ?"

"ಎಲ್ಲಿ ವಾಸಿಯಾಯ್ತು? ಸಾಯೋತಂಕ ಸುರೀತಿತ್ತು. ಹೊಗೆಗೆ ಇನ್ನಷ್ಟು ಜಾಸ್ತಿಯಾಗಿರಬೇಕು."

ಅಲ್ಲಿಗೆ ನಮ್ಮ ಮನೆತನದ ಆಚಾರದ ಬೇರು ಸಿಕ್ಕಿತು: ಹಸಿ ಸೌದೆ ಒಲೆಯ ಮುಂದೆ ಕೂತ ಒಬ್ಬ ಹೊಸ ಸೊಸೆ, ಮತ್ತು ಹೆಸರು ಗೊತ್ತಿಲ್ಲದ ಯಾರೋ ಒಬ್ಬರ ಸಲಹೆ. ಭಕ್ತಿಯ ಕಣ್ಣೀರು ಅಂತ ನಾವು ಕೈ ಮುಗಿದಿದ್ದು ಅಡುಗೆಮನೆಯ ಹೊಗೆಗೆ. ಮೊದಲು ನಾನೂ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ. ವಾಸಿಯಾಗದ ಕಣ್ಣನ್ನು ಹೊತ್ತುಕೊಂಡು ಪ್ರತಿ ವರ್ಷ ಅದೇ ಸ್ವಾಮಿಯ ಮುಂದೆ ಹೋಗಿ ನಿಲ್ಲುತ್ತಿದ್ದಳಲ್ಲ, ಅದು ಇನ್ನೂ ದೊಡ್ಡದು ಅನ್ನಿಸಿತು. ಫಲ ಸಿಕ್ಕಿದವರು ಹರಕೆ ತೀರಿಸುವುದು ದೊಡ್ಡ ಮಾತಲ್ಲ. ಫಲ ಸಿಗದೆಯೂ ಕೊಬ್ಬರಿಯನ್ನು ಮೂಸಿ ನೋಡಿ ಆರಿಸುವವರು ಎಷ್ಟು ಜನ?

ಆ ಮಠಕ್ಕೇ ಒಂದು ಹಳೆಯ ಬೇರಿದೆ. ಅಜ್ಜಿ ಹೇಳುತ್ತಿದ್ದ ಕಥೆ ನಿಮಗೂ ಗೊತ್ತಿರುತ್ತದೆ: ಊರೂರು ತಿರುಗುತ್ತಾ ಬಂದ ಸ್ವಾಮಿ ಮಾರಮ್ಮನ ಗುಡಿಯಲ್ಲಿ ಒಂದು ರಾತ್ರಿಗೆ ಜಾಗ ಕೇಳಿದ. ಆಯಿತು ಅಂದಳು ತಾಯಿ. ಇಟ್ಟ ಜೋಳಿಗೆ ಬೆಳೆದೂ ಬೆಳೆದೂ ಗುಡಿ ತುಂಬಿ, ಅವಳೇ ಜಾಗ ಬಿಡಬೇಕಾಯಿತು. ಈಗಿನ ಒಳಮಠ ಅದೇ ಜಾಗ ಅನ್ನುತ್ತಾರೆ. ಚಿಕ್ಕವಳಿದ್ದಾಗ ಸ್ವಾಮಿಯ ಜಾಣತನಕ್ಕೆ ಚಪ್ಪಾಳೆ ತಟ್ಟುತ್ತಿದ್ದೆ. ಈಗ ಆ ಹೊಸ್ತಿಲು ದಾಟುವಾಗ ಜಾಗ ಬಿಟ್ಟುಕೊಟ್ಟವಳಿಗೂ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುತ್ತೇನೆ. ನಮ್ಮ ಯಾವ ನಂಬಿಕೆಯೂ ಖಾಲಿ ಜಾಗದಲ್ಲಿ ಬಂದು ಕೂತಿದ್ದಲ್ಲ, ಕೆಳಗೆ ಯಾರೋ ಇದ್ದೇ ಇರುತ್ತಾರೆ. ಅಷ್ಟೇಕೆ, ಜಾತ್ರೆ ಅಂದರೆ ಮಂಡಕ್ಕಿ ಮಿರ್ಚಿ, ಅದಿಲ್ಲದೆ ನಮ್ಮ ದಾವಣಗೆರೆಯವರಿಗೆ ದೇವರು ಕಂಡ ಹಾಗೇ ಅಲ್ಲ. ಆ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದಿದ್ದು, ಮಂಡಕ್ಕಿಗೆ ಬೆರೆಸುವ ಶೇಂಗಾ ಕೂಡ ಮೂಲತಃ ದಕ್ಷಿಣ ಅಮೆರಿಕದ್ದು. ಅನಾದಿ ಕಾಲದಿಂದ ಅನ್ನುವ ಮಾತನ್ನು ಸ್ವಲ್ಪ ನೋಡಿಕೊಂಡು ಆಡಬೇಕು.

ಬೇರು ಹುಡುಕಲು ಹೊರಟರೆ ಸಿಕ್ಕಿದ್ದೆಲ್ಲ ಹೀಗೆ ನಗಿಸುವುದಿಲ್ಲ. ಅದೇ ಅಜ್ಜಿ ತಿಂಗಳಿಗೆ ಮೂರು ದಿನ ನಮ್ಮನ್ನು ಹಿತ್ತಲ ಕೋಣೆಯಲ್ಲಿ ಕೂರಿಸುತ್ತಿದ್ದಳು. ಬೇರೆ ತಟ್ಟೆ, ಬೇರೆ ಚಾಪೆ, ನೀರನ್ನು ಮೇಲಿನಿಂದ ಹೊಯ್ಯುವುದು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದೂ ಸೂತಕ ಇಲ್ಲ ಅಂತ ಹನ್ನೆರಡನೇ ಶತಮಾನದ ಶರಣರ ಪರಂಪರೆ ಸಾರಿದೆ. ಹಾಗಿದ್ದ ಮೇಲೆ ಇದು ನಮ್ಮ ಮನೆಗೆ ಯಾವ ಬಾಗಿಲಿನಿಂದ ಬಂತು? ಅತ್ತೆಯನ್ನು ಅದನ್ನೂ ಕೇಳಿದೆ. ಈ ಸಲ ನಗಲಿಲ್ಲ. "ನಮ್ಮಜ್ಜಿ ಕಾಲಕ್ಕೆ ಇರಲಿಲ್ಲ ಅಂತಿದ್ರು. ಊರಾಗೆ ದೊಡ್ಡ ಮನೆಯೋರು ಮಾಡ್ತಿದ್ರು. ನಾವು ಎರಡು ಜೊತೆ ಎತ್ತು ಕಟ್ಟಿದ ಮೇಲೆ ನಾವೂ ಮಾಡಿದ್ವಿ." ನಾಲ್ಕು ಜನರ ಕಣ್ಣಿಗೆ ದೊಡ್ಡವರಾಗಿ ಕಾಣಲು ಹೆಣ್ಣುಮಕ್ಕಳನ್ನು ಹಿತ್ತಲಿಗೆ ಹಾಕಿದ್ದು. ನನ್ನ ಮನೆಯಲ್ಲಿ ಆ ಪದ್ಧತಿ ಇಲ್ಲ. ಕೊರಳಲ್ಲಿ ಲಿಂಗ ಇರುವವಳು ಯಾವ ದಿನ ಮೈಲಿಗೆ ಆಗುತ್ತಾಳೆ, ಯಾರಾದರೂ ಹಿರಿಯರು ಹೇಳಲಿ.

ಹರಕೆ ಅನ್ನುವ ಹೆಸರಿನಲ್ಲಿ ಇನ್ನೂ ಘೋರವಾದದ್ದೂ ನಡೆದಿದೆ. ದಾವಣಗೆರೆಗೆ ಹತ್ತಿರದ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಗೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಕಟ್ಟಿದವರೂ ತಂದೆ ತಾಯಿಯೇ, ಭಕ್ತಿಯಿಂದಲೇ, ಹಿರಿಯರು ಮಾಡಿದ್ದು ಅಂತಲೇ. ಅದನ್ನು ತಡೆಯಲು 1982ರಲ್ಲಿ ಕಾನೂನೇ ಬರಬೇಕಾಯಿತು. ತಾಯಿ ಉಚ್ಚಂಗೆಮ್ಮ ಅದನ್ನು ಕೇಳಿದ್ದಳೇ? ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಬೇವಿನ ಉಡುಗೆ ಉಟ್ಟವರನ್ನು ಕಂಡಾಗ ನನಗೆ ಕೈ ಮುಗಿಯುವ ಮನಸ್ಸಾಗುತ್ತದೆ, ಜೊತೆಗೇ ಈ ಪ್ರಶ್ನೆಯೂ ಬರುತ್ತದೆ: ಇದನ್ನು ತಾನಾಗಿ ಹೊತ್ತವರು ಯಾರು, ಬೇರೆಯವರು ಹೊರಿಸಿದ್ದನ್ನು ಹೊತ್ತವರು ಯಾರು? ತನ್ನ ಕಣ್ಣಿಗೆ ತಾನು ಹೊಗೆ ತುಂಬಿಕೊಂಡ ಅಜ್ಜಿಯ ಹರಕೆಯೂ ಮಗಳ ಕೊರಳಿಗೆ ಮುತ್ತು ಕಟ್ಟುವ ಹರಕೆಯೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ.

ಇದನ್ನು ತೂಗಲು ನನಗೆ ಬೇರೆ ತಕ್ಕಡಿ ಬೇಕಾಗಿಲ್ಲ. "ಮಾಡಿದಷ್ಟು ನೀಡು ಭಿಕ್ಷೆ" ಅಂದವನು ನಮ್ಮ ಸ್ವಾಮಿ. ಹಿರೇಕೆರೆ, ಚಿಕ್ಕಕೆರೆ ಅಂತ ಆ ಬೆಂಗಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದವನು. ದಿನವೆಲ್ಲ ಮಣ್ಣು ಹೊತ್ತವರಿಗೆ ಸಂಜೆ ಮರಳಿನ ಗುಪ್ಪೆ ತೋರಿಸುತ್ತಿದ್ದನಂತೆ. ಗುಪ್ಪೆ ಕೆದರಿದರೆ ಅವರವರು ದುಡಿದಷ್ಟು ಕೂಲಿ, ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ಅಲ್ಲಿ ಯಾರನ್ನೂ ಹಿತ್ತಲಿಗೆ ಕಳಿಸಿದ ಕಥೆಯನ್ನು ಅಜ್ಜಿ ಹೇಳಿಲ್ಲ.

ಈಗ ಆ ಮಾತು ಆಟೋ ಹಿಂದೆ, ಲಾರಿ ಮುಂದೆ, ಹೋಟೆಲಿನ ಗಲ್ಲಾದ ಮೇಲೆ ಎಲ್ಲ ಕಡೆ ಇದೆ. ಇರಲಿ, ಸಂತೋಷವೇ. ಆದರೆ ತೇರಿನ ದಿನ ನೋಡಿದ್ದನ್ನು ಹೇಳದೆ ಇರಲಾರೆ. ಸ್ವಾಮಿಯ ತೇರಿನ ಮುಕ್ತಿ ಬಾವುಟದ ಹರಾಜು ಹತ್ತಾರು ಲಕ್ಷ ದಾಟುತ್ತದೆ, ಯಾರು ಕೂಗಿದರು, ಎಷ್ಟಕ್ಕೆ ಕೂಗಿದರು ಎಂಬುದೇ ಮರುದಿನವೆಲ್ಲ ಮಾತು. ಸ್ವಾಮಿ ಕಟ್ಟಿಸಿದ ಕೆರೆಯ ಏರಿಯ ಮೇಲೆ ಒಂದು ಗಳಿಗೆ ನಿಂತು ಬರೋಣ ಅನ್ನುವವರು ವಿರಳ. ಕೊಬ್ಬರಿಯನ್ನು ಪ್ಲಾಸ್ಟಿಕ್ ಕವರಿನ ಸಮೇತ ಬೆಂಕಿಗೆ ಎಸೆದು ಹೋಗುತ್ತಾರೆ! ಒಂದು ಕೈಯಲ್ಲಿ ಮೊಬೈಲ್ ಹಿಡಿದ ಮೇಲೆ ಕವರು ಬಿಚ್ಚಲು ಇನ್ನೊಂದು ಕೈ ಸಾಲದು, ಪಾಪ. ಆ ಹೊಗೆಯನ್ನು ಹಿಡಿದರೆ ಇದ್ದ ಕಣ್ಣೂ ಹೋದೀತು. ಎಳೆಯರನ್ನೇ ಬೈದು ಪ್ರಯೋಜನವಿಲ್ಲ. ಯಾಕೆ ಸುಡುತ್ತೇವೆ ಅಂತ ನಾವು ಹೇಳಿಕೊಟ್ಟಿದ್ದರೆ ತಾನೇ? "ನಮ್ಮಲ್ಲಿ ಹಿಂಗೇ" ಅಂತ ಬಾಯಿ ಮುಚ್ಚಿಸಿದವರು ನಾವು.

ಹೊಗೆಯನ್ನು ನಾನು ಬಿಡುವುದಿಲ್ಲ. ಅದು ಸಂಪ್ರದಾಯವಲ್ಲ ಅಂತ ಗೊತ್ತಾದ ಮೇಲೆ ಅದರ ಮೇಲೆ ಪ್ರೀತಿ ಹೆಚ್ಚಾಗಿದೆ. ಬೆಂಗಳೂರಿನ ತಮ್ಮನಿಗೂ ಫೋನ್ ಮಾಡಿ ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳಿಗೆ ಹೇಳ್ತೀನಿ ಅಕ್ಕ, ಮುತ್ತಜ್ಜಿ ಕಣ್ಣಿನ ಕಥೆ ಅಂತ" ಅಂದ.

ಅತ್ತೆಯ ಹತ್ತಿರ ಕೇಳಬೇಕಾದ್ದು ಇನ್ನೂ ಎಷ್ಟೋ ಇದೆ. ಅಮಾವಾಸ್ಯೆ ದಿನ ಎತ್ತಿಗೆ ನೊಗ ಹೂಡದಿದ್ದದ್ದು ಯಾಕೆ, ಗೌರಸಮುದ್ರದ ಮಾರಮ್ಮನಿಗೆ ಈರುಳ್ಳಿ ಎಸೆಯಲು ನಮ್ಮ ಮನೆಯಿಂದ ಯಾರು ಮೊದಲು ಹೋದರು, ಸೋಮವಾರ ನಮ್ಮಲ್ಲಿ ಬದನೆಕಾಯಿ ಯಾಕೆ ಮಾಡುವುದಿಲ್ಲ. ಮೊನ್ನೆ ಫೋನಿನಲ್ಲಿ ಕೇಳಲು ಹೊರಟರೆ, "ಇವೆಲ್ಲ ಫೋನಾಗೆ ಹೇಳೋವಲ್ಲ. ಶ್ರಾವಣಕ್ಕೆ ಬಾ, ಎರಡು ದಿನ ಇರು" ಅಂದಳು. ಬದನೆಕಾಯಿ ವಿಷಯ ಮಾತ್ರ ಅಲ್ಲೇ ಇತ್ಯರ್ಥ ಮಾಡಿದಳು: "ಅದು ನಿಮ್ಮ ತಾತಂಗೆ ಸೇರ್ತಿರಲಿಲ್ಲ ಕಣೇ. ಸೋಮವಾರ ಒಂದಿನ ಅವ್ರು ಮನೇಲಿ ಊಟಕ್ಕೆ ಇರ್ತಿದ್ರು."