16 ಕೆಜಿಯ ಗುಂಡು

ಡೆಲಿವರಿ ಹುಡುಗ ಡಬ್ಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೇ ಮೆಟ್ಟಿಲು ಹತ್ತಿದ. "ಏನ್ ಸರ್ ಇದು, ಬಾಂಬಾ?" ಅಂದ. ಬಿಚ್ಚಿದರೆ ಕಪ್ಪು ಕಬ್ಬಿಣದ ಗುಂಡು, ಮೇಲೊಂದು ದಪ್ಪ ಹಿಡಿ. ಕೆಟಲ್‌ಬೆಲ್. ಅಮ್ಮ ಒಮ್ಮೆ ನೋಡಿ, "ಬಾಗಿಲಿಗೆ ಅಡ್ಡ ಇಡೋಕಾಗುತ್ತೆ ಬಿಡು" ಅಂದರು.

ಅವರ ಮಾತಿಗೂ ಕಾರಣ ಇತ್ತು. ಜಿಮ್‌ಗೆ ವರ್ಷದ ಫೀಸು ಕಟ್ಟಿ ಮೂರು ತಿಂಗಳು ಹೋದವನು ನಾನು. ಸಂಜೆ ಏಳಕ್ಕೆ ಹೋದರೆ ಒಂದೊಂದು ಮೆಷಿನ್‌ಗೂ ಕ್ಯೂ. ಕನ್ನಡಿ ಮುಂದೆ ಅದಕ್ಕಿಂತ ದೊಡ್ಡ ಕ್ಯೂ. ಬಿಟ್ಟೆ.

ವಿಡಿಯೋ ನೋಡಿ ತಾರಸಿ ಮೇಲೆ ಸ್ವಿಂಗ್ ಶುರು ಮಾಡಿದೆ. ಗುಂಡನ್ನು ತೊಡೆ ನಡುವೆ ಹಿಂದಕ್ಕೆ ಬಿಟ್ಟು ಎದೆಮಟ್ಟಕ್ಕೆ ಬೀಸಬೇಕು, ಅಷ್ಟೇ ಅಲ್ವಾ? ಮಾರನೇ ದಿನ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನಿಗೆ ಎದ್ದೇಳಲು ಆಗಲಿಲ್ಲ.

ನಾಲ್ಕು ದಿನ ಬಿಟ್ಟು ಮತ್ತೆ ಹಿಡಿದೆ. ಅವತ್ತು ದೊಡ್ಡಪ್ಪ ಮನೆಗೆ ಬಂದಿದ್ದರು. ಎಪಿಎಂಸಿಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿ ಮೆಕ್ಕೆಜೋಳದ ಚೀಲ ಹೊತ್ತವರು. ಹುಡುಗರಾಗಿದ್ದಾಗ ಗರಡಿ ಮನೆಯಲ್ಲಿ ಮಣ್ಣು ಮೆತ್ತಿಕೊಂಡವರು. ಬೀಡಿ ಹಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ನೆ ನೋಡಿದರು.

"ಲೇ ತಮ್ಮಾ, ಕೈಯಾಗ ಯಾಕ್ ಎತ್ತತೀಯ? ಕುಂಡಿ ಹಿಂದಕ್ಕೆ ದೂಡಲೇ."

ಗುಂಡು ಇಳಿಸು ಅಂದರು. ತಾರಸಿ ಗೋಡೆಗೆ ಬೆನ್ನು ಮಾಡಿ ಒಂದಡಿ ದೂರ ನಿಲ್ಲಿಸಿದರು. ಬೆನ್ನು ಗೂನಾಗಬಾರದು, ಮಂಡಿ ಜಾಸ್ತಿ ಮಡಚಬಾರದು, ಕುಂಡಿ ಮಾತ್ರ ಹೋಗಿ ಗೋಡೆ ಮುಟ್ಟಬೇಕು. ಇಪ್ಪತ್ತು ಸಲ ಮುಟ್ಟಿಸಿದರು. ತೊಡೆಯ ಹಿಂಭಾಗ ಹಗ್ಗ ಬಿಗಿದಂತಾಯಿತು. ಆಮೇಲೆ ಗುಂಡು ಕೈಗೆ ಕೊಟ್ಟು, "ಈಗ ಝಾಡಿಸಿ ಎದ್ದು ನಿಲ್ಲು. ಅದು ತಾನೇ ಬರ್ತದೆ" ಅಂದರು.

ಬಂತು. ಸೊಂಟ ಮುಂದಕ್ಕೆ ಬಂದ ರಭಸಕ್ಕೆ ಗುಂಡು ಎದೆಮಟ್ಟಕ್ಕೆ ಏರಿ, ಅಲ್ಲಿ ಅರೆಗಳಿಗೆ ತೂಕವೇ ಇಲ್ಲದ ಹಾಗೆ ತೇಲಿತು. ನನ್ನ ಕೈ ಅದಕ್ಕೆ ಕಟ್ಟಿದ ಹಗ್ಗದಂತೆ ಇತ್ತು, ಅಷ್ಟೇ. ವಿಡಿಯೋದವರೂ ಇದನ್ನೇ ಹೇಳಿದ್ದರು. ಕಿವಿಗೆ ಬಿದ್ದಿತ್ತು, ಸೊಂಟಕ್ಕೆ ಇಳಿದಿರಲಿಲ್ಲ.

ಈಗ ಬೆಳಿಗ್ಗೆ ಹತ್ತು ಸ್ವಿಂಗ್, ಒಂದು ನಿಮಿಷ ಸುಧಾರಿಸಿಕೊಳ್ಳುವುದು, ಮತ್ತೆ ಹತ್ತು. ಹೀಗೆ ಹತ್ತು ಸುತ್ತು. ಹದಿನೈದು ನಿಮಿಷದಲ್ಲಿ ಅಂಗಿ ಹಿಂಡುವಷ್ಟು ಬೆವರು. ಎದೆ ಉಬ್ಬಿಸಬೇಕು ಅನ್ನುವವರು ಜಿಮ್‌ಗೇ ಹೋಗಲಿ. ಒಂದು ಗುಂಡಿನಿಂದ ಎಲ್ಲಾ ಆಗುತ್ತೆ ಅಂತ ನಾನು ಹೇಳುವುದಿಲ್ಲ. ಇನ್ನೊಂದು ಮಾತು, ಏಪ್ರಿಲ್‌ನಲ್ಲಿ ಇದನ್ನು ತಾರಸಿ ಮೇಲೆ ಬಿಡಬೇಡಿ. ದಾವಣಗೆರೆ ಬಿಸಿಲಿಗೆ ಸಂಜೆ ಆರಕ್ಕೂ ಹಿಡಿ ಕೈ ಸುಡುತ್ತದೆ.

ಅವತ್ತು ಮಂಡಕ್ಕಿ ಮಿರ್ಚಿ ತಿನ್ನುತ್ತಾ ದೊಡ್ಡಪ್ಪನಿಗೆ ಇದರ ಕಥೆ ಹೇಳಿದೆ. ರಷ್ಯಾದಲ್ಲಿ ಇದರ ಹೆಸರು ಗಿರ್ಯಾ. ಮೊದಲು ಸಂತೆಯಲ್ಲಿ ಕಾಳುಕಡ್ಡಿ ತೂಗಲು ಇಟ್ಟುಕೊಳ್ಳುತ್ತಿದ್ದರು. ಅಲ್ಲಿನ ಹಳೇ ಅಳತೆ ಪೂಡ್, ಅಂದರೆ 16 ಕೆಜಿಗಿಂತ ಚೂರು ಜಾಸ್ತಿ. ಅದಕ್ಕೇ ಇವತ್ತಿಗೂ 16, 24, 32 ಕೆಜಿ ಲೆಕ್ಕದಲ್ಲಿ ಬರುತ್ತವೆ. ಒಂದು, ಒಂದೂವರೆ, ಎರಡು ಪೂಡ್.

"ಹಂಗಾದ್ರೆ ತೂಕದ ಕಲ್ಲು ಅನ್ನು" ಅಂದರು. ಮಿರ್ಚಿ ಮುರಿಯುತ್ತಾ, "ಎಷ್ಟು ಕೊಟ್ಟೆ?"

"ಎರಡೂವರೆ ಸಾವಿರ."

ದೊಡ್ಡಪ್ಪನ ಕೈ ಅಲ್ಲೇ ನಿಂತಿತು. "ಗುಜರಿಯಾಗ ಕೆಜಿಗೆ ಮೂವತ್ತಕ್ಕೆ ಸಿಗ್ತಿತ್ತಲ್ಲಲೇ!"