ಟೆಲಿಫೋನ್ ಕಂಪನಿಗೆ ಅರ್ಜಿ ಹಾಕಿದ ಬೆದ್ರಾ

ಡಿಸೆಂಬರ್ 5, 2024, ಗುರುವಾರ
ಮೈಸೂರು

ಬೆಳಗ್ಗೆಯಿಂದ ಮೊಬೈಲಿನಲ್ಲಿ ಅತಾತುರ್ಕ್ ಫೋಟೋಗಳೇ, ಟರ್ಕಿ ಗಣರಾಜ್ಯವನ್ನು ಕಟ್ಟಿದ ನಾಯಕನವು. ಚರಿತ್ರೆ ಓದುವ ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಈ ದಿನ ಇದು ಇದ್ದದ್ದೇ. 1934ರ ಡಿಸೆಂಬರ್ 5ರಂದು ಟರ್ಕಿಯ ಹೆಂಗಸರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವ, ಚುನಾವಣೆಗೆ ನಿಲ್ಲುವ ಹಕ್ಕು ಬಂತು. ಇವತ್ತಿಗೆ 90 ವರ್ಷ. ಫ್ರಾನ್ಸಿನ ಹೆಂಗಸರು 1944ರವರೆಗೆ ಕಾಯಬೇಕಾಯಿತು. ಹಾಗಾಗಿ ಸಂಭ್ರಮ ಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಎಲ್ಲ ಫೋಟೋಗಳ ಕೆಳಗೂ ಒಂದೇ ಮಾತು: ಅತಾತುರ್ಕ್ ಹಕ್ಕು ಕೊಟ್ಟರು. ಓದಿ ಓದಿ ಬೇಜಾರಾಗಿ ಇದನ್ನು ಬರೆಯಲು ಕೂತೆ.

ಕೊಟ್ಟರು, ನಿಜ. ಕೇಳಿದವರು ಯಾರು?

ನೆಜಿಹೆ ಮುಹಿದ್ದೀನ್ ಅಂತ ಒಬ್ಬರಿದ್ದರು. 1923ರ ಜೂನ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಗೆಳತಿಯರನ್ನು ಸೇರಿಸಿಕೊಂಡು ಹೆಂಗಸರದೇ ಒಂದು ರಾಜಕೀಯ ಪಕ್ಷ ಕಟ್ಟಲು ಹೊರಟರು. ಗಣರಾಜ್ಯ ಇನ್ನೂ ಘೋಷಣೆಯಾಗಿರಲಿಲ್ಲ. ಅತಾತುರ್ಕ್ ಅವರ ಸ್ವಂತ ಪಕ್ಷ ಸ್ಥಾಪನೆಯಾದದ್ದೂ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅಂದರೆ ಇದಾದ ಮೇಲೆ! ನೆಜಿಹೆಯವರ ಪಕ್ಷಕ್ಕೆ ಅನುಮತಿ ಸಿಗಲಿಲ್ಲ. ಮತದ ಹಕ್ಕೇ ಇಲ್ಲದವರಿಗೆ ಪಕ್ಷ ಯಾಕೆ ಅನ್ನುವ ವಾದ. ಅವರು ಬಿಡಲಿಲ್ಲ, 1924ರಲ್ಲಿ ಅದನ್ನೇ ಮಹಿಳಾ ಸಂಘವಾಗಿ ಕಟ್ಟಿದರು. 1927ರಲ್ಲಿ ಅವ್ಯವಹಾರದ ಆರೋಪ ಹೊರಿಸಿ ಅವರನ್ನು ಆ ಸಂಘದಿಂದಲೇ ಹೊರಗೆ ಹಾಕಿದರು. ಮತದ ಹಕ್ಕು ಬಂದ ಮರುವರ್ಷ, 1935ರಲ್ಲಿ, ಸಂಘವನ್ನೂ ಮುಚ್ಚಲಾಯಿತು. ಇನ್ನೇನು ಬೇಕು, ಎಲ್ಲ ಸಿಕ್ಕಿತಲ್ಲ ಅಂತ. ನೆಜಿಹೆ 1958ರಲ್ಲಿ ಇಸ್ತಾಂಬುಲ್‌ನ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಬೆಳಗ್ಗೆಯಿಂದ ಬಂದ ಅಷ್ಟು ಫೋಟೋಗಳಲ್ಲಿ ಅವರದು ಒಂದೂ ಇರಲಿಲ್ಲ.

ನೆಜಿಹೆ ಕೂಡ ಶುರುವಲ್ಲ. ಕಥೆ ಇನ್ನೂ ಹಿಂದಿನದು, ಗಣರಾಜ್ಯಕ್ಕೂ ಮುಂಚೆ ಅಲ್ಲಿ ಆಳುತ್ತಿದ್ದ ಒಟ್ಟೊಮನ್ ಸುಲ್ತಾನರ ಕಾಲದ್ದು. ಅದರಲ್ಲಿ ನನಗೆ ತುಂಬ ಹತ್ತಿರವಾದದ್ದು ಬೆದ್ರಾ ಒಸ್ಮಾನ್ ಅನ್ನುವ ಹುಡುಗಿಯ ಕಥೆ.

1913. ಇಸ್ತಾಂಬುಲ್‌ಗೆ ಆಗಷ್ಟೇ ಟೆಲಿಫೋನ್ ಬರುತ್ತಿತ್ತು. ಕಂಪನಿ ವಿದೇಶಿ ಬಂಡವಾಳದ್ದು. ಆಪರೇಟರ್ ಕೆಲಸಕ್ಕೆ ಹೆಂಗಸರು ಬೇಕಾಗಿದ್ದರು. ಬೆದ್ರಾ ಮತ್ತು ಕೆಲವು ಮುಸ್ಲಿಂ ಹುಡುಗಿಯರು ಅರ್ಜಿ ಹಾಕಿದರು. ಆಗುವುದಿಲ್ಲ ಅಂದರು. ಕಾರಣ? ಫ್ರೆಂಚ್ ಬರಬೇಕು, ಗ್ರೀಕ್ ಬರಬೇಕು. ಆ ಊರಿನಲ್ಲಿ ಗ್ರೀಕರು, ಅರ್ಮೇನಿಯನ್ನರು, ಯಹೂದಿಗಳು, ಯುರೋಪಿನ ವ್ಯಾಪಾರಿಗಳು ಎಲ್ಲರೂ ಇದ್ದರು, ಆ ಭಾಷೆಗಳು ಕೆಲಸಕ್ಕೆ ಬೇಕಾಗುತ್ತಿದ್ದದ್ದು ಸುಳ್ಳಲ್ಲ. ಆದರೆ ಸಾಮ್ರಾಜ್ಯದ ರಾಜಧಾನಿಯಲ್ಲಿ, ತುರ್ಕಿ ಮಾತಾಡುವ ಹುಡುಗಿಗೆ ಟೆಲಿಫೋನ್ ಎತ್ತಲು ಅರ್ಹತೆ ಇಲ್ಲ ಅಂದರೆ ಸಿಟ್ಟು ಬರುವುದಿಲ್ಲವಾ?

ಬೆದ್ರಾ ಮನೆಗೆ ಹೋಗಿ ಸುಮ್ನೆ ಕೂರಲಿಲ್ಲ. ಪತ್ರಿಕೆಗೆ ಬರೆದಳು. ಆ ಪತ್ರಿಕೆಯ ಹೆಸರು ‘ಕದಿನ್ಲಾರ್ ದುನ್ಯಾಸಿ’, ಹೆಂಗಸರ ಲೋಕ. ಅದೇ ವರ್ಷದ ಏಪ್ರಿಲ್‌ನಲ್ಲಿ ಶುರುವಾಗಿತ್ತು. ಪತ್ರಿಕೆಯವರು ಈ ವಿಷಯವನ್ನು ಕೈಗೆತ್ತಿಕೊಂಡು ಕಂಪನಿಯನ್ನು ಬಿಡದೆ ಪ್ರಶ್ನಿಸಿದರು. ಅವರ ಹಿಂದೆ ಒಂದು ಸಂಘವೂ ಇತ್ತು, ಒಟ್ಟೊಮನ್ ಮಹಿಳೆಯರ ಹಕ್ಕು ರಕ್ಷಣಾ ಸಂಘ. ಮೇ ತಿಂಗಳಲ್ಲಿ ಹುಟ್ಟಿದ್ದು. ವರ್ಷ ಮುಗಿಯುವ ಹೊತ್ತಿಗೆ ಕಂಪನಿ ಬಗ್ಗಿತು. ಬೆದ್ರಾ ಸೇರಿ ಏಳು ಮುಸ್ಲಿಂ ಹೆಂಗಸರು ಕೆಲಸಕ್ಕೆ ಸೇರಿದರು.

ಬರೀ ಏಳು ಜನ ಅಂತ ಯಾರಾದರೂ ಅಂದರೆ ನನಗೆ ದೊಡ್ಡಮ್ಮನ ನೆನಪಾಗುತ್ತದೆ. ಅವರು ಹುಬ್ಬಳ್ಳಿಯಲ್ಲಿ ಟ್ರಂಕ್ ಕಾಲ್ ಹಾಕುವ ಕೆಲಸದಲ್ಲಿದ್ದರು. ತಲೆಗೆ ಹೆಡ್‌ಫೋನ್, ಎದುರಿಗೆ ಸಾಲು ಸಾಲು ತೂತುಗಳ ಬೋರ್ಡು, ಕೈಯಲ್ಲಿ ವೈರು. ಪುಟ್ಟ ದೀಪ ಹತ್ತಿದ ಕಡೆ ವೈರು ಸಿಕ್ಕಿಸಿ, ನಂಬರ್ ಕೇಳಿ, ಇನ್ನೊಂದು ತೂತಿಗೆ ಸೇರಿಸಬೇಕು. ರಾತ್ರಿ ಪಾಳಿಯೂ ಇರುತ್ತಿತ್ತು. ಗೊತ್ತಿಲ್ಲದ ಗಂಡಸರ ಜೊತೆ ಇಡೀ ದಿನ ಮಾತಾಡುವ ಕೆಲಸ ಮನೆ ಹೆಂಗಸಿಗೆ ಯಾಕೆ ಅಂತ ನೆಂಟರು ಆಡಿಕೊಂಡರಂತೆ. ಅದೂ 1960ರ ದಶಕದಲ್ಲಿ. ಬೆದ್ರಾ ಅರ್ಜಿ ಹಾಕಿದ್ದು ಅದಕ್ಕೂ ಅರ್ಧ ಶತಮಾನದ ಹಿಂದೆ. ಟ್ರಾಮಿನಲ್ಲಿ, ದೋಣಿಯಲ್ಲಿ ಹೆಂಗಸರಿಗೆ ಬೇರೆಯೇ ಜಾಗ ಇದ್ದ ಊರಿನಲ್ಲಿ. ಅಲ್ಲಿ ಅವಳ ದನಿ ಯಾವ ಪರದೆಯೂ ಇಲ್ಲದೆ ಊರಿನ ಯಾವ ಮನೆಗೆ ಬೇಕಾದರೂ ತಲುಪಿತು. ಏಳು ಜನ ಕಡಿಮೆ ಅಲ್ಲ.

ಆ ಪತ್ರಿಕೆ ನಡೆಸಿದವಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಉಲ್ವಿಯೆ ಮೆವ್ಲಾನ್. ಹುಟ್ಟಿದ್ದು 1893ರಲ್ಲಿ, ಕಾಕಸಸ್ ಸೀಮೆಯ ಚೆರ್ಕೆಸ್ ಜನರ ಕುಟುಂಬದಲ್ಲಿ. ಬೆಳೆದದ್ದು ಅರಮನೆಯಲ್ಲಿ. ಇನ್ನೂ ಎಳೆಯ ವಯಸ್ಸಿನಲ್ಲೇ ಅರಮನೆಗೆ ಹತ್ತಿರದ, ವಯಸ್ಸಾದ ಒಬ್ಬರಿಗೆ ಕೊಟ್ಟು ಮದುವೆ ಮಾಡಿದರು. ಬೇಗನೆ ವಿಧವೆಯಾದಳು. ಪತ್ರಿಕೆ ಶುರು ಮಾಡಿದಾಗ ಅವಳಿಗೆ ಸುಮಾರು 20 ವರ್ಷ. ಮೊದಲ 100 ಸಂಚಿಕೆಗಳು ದಿನಪತ್ರಿಕೆಯಾಗಿ ಬಂದವು. ದಿನಾ! ವಾರಕ್ಕೊಂದು ಪುಟ ತುಂಬಿಸಲು ನಾನು ಪಡುವ ಪಾಡು ನನಗೆ ಗೊತ್ತು, ಅದಕ್ಕೇ ಈ ಸಂಗತಿಯ ಮೇಲೆ ನನಗೆ ಇಷ್ಟು ಬೆರಗು. ಆಮೇಲೆ ವಾರಪತ್ರಿಕೆಯಾಗಿ, ನಡುನಡುವೆ ನಿಂತು, 1921ರವರೆಗೆ ನಡೆಯಿತು. ಹೆಂಗಸರ ಹಕ್ಕುಗಳಿಗೆ ಮಾನ್ಯತೆ ಸಿಗುವವರೆಗೂ ಗಂಡಸರ ಬರಹ ಹಾಕುವುದಿಲ್ಲ ಅನ್ನುವುದು ಅವರ ನಿಯಮ. ಮುಸ್ಲಿಂ ಹೆಂಗಸರ ಫೋಟೋಗಳನ್ನು ಧೈರ್ಯವಾಗಿ ಅಚ್ಚು ಹಾಕಿದ್ದೂ ಇದೇ ಪತ್ರಿಕೆ.

ಆ ಹಕ್ಕು ರಕ್ಷಣಾ ಸಂಘದವರು ಮಾಡಿದ ಇನ್ನೊಂದು ಕೆಲಸ ಕೇಳಿ. ಅದೇ 1913ರ ಕೊನೆಗೆ ಬೆಲ್ಕಿಸ್ ಶೆವ್ಕೆತ್ ಅನ್ನುವ ಸದಸ್ಯೆ ವಿಮಾನ ಹತ್ತಿದಳು. ಪೈಲಟ್ ಫೆತ್ಹಿ ಬೇ. ಆ ಕಾಲದ ವಿಮಾನ ಅಂದರೆ ಮರದ ಚೌಕಟ್ಟು, ಮೇಲೆ ಬಟ್ಟೆ, ಅಷ್ಟೇ. ಸೈನ್ಯಕ್ಕೆ ಹೆಂಗಸರ ಹೆಸರಿನಲ್ಲಿ ಒಂದು ವಿಮಾನ ಕೊಡಿಸಬೇಕು, ಅದಕ್ಕೆ ಹಣ ಕೂಡಿಸಬೇಕು ಅಂತ ಅವಳು ಇಸ್ತಾಂಬುಲ್ ಮೇಲೆ ಹಾರುತ್ತಾ ಕರಪತ್ರ ಚೆಲ್ಲಿದಳು. ಮುಂದಿನ ಫೆಬ್ರವರಿಯಲ್ಲಿ ಕೈರೋಗೆ ಹೊರಟ ಫೆತ್ಹಿ ಬೇ ವಿಮಾನ ಬಿದ್ದು ಸತ್ತರು. ಬೆಲ್ಕಿಸ್ ಹತ್ತಿದ್ದು ಎಂಥ ವಾಹನ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಇದೆಲ್ಲ 1908ರಲ್ಲಿ ಸುಲ್ತಾನನ ಸರ್ವಾಧಿಕಾರದ ವಿರುದ್ಧ ಯಂಗ್ ಟರ್ಕ್ ಕ್ರಾಂತಿಯಾಗಿ, ಪತ್ರಿಕೆಗಳ ಮೇಲಿದ್ದ ಬಿಗಿ ಸಡಿಲವಾದ ಮೇಲಿನ ಮಾತು. ಅದಕ್ಕೂ ಮುಂಚೆ ಬರೆದವರ ಕಷ್ಟವೇ ಬೇರೆ. ಫಾತ್ಮಾ ಆಲಿಯೆ 1862ರಲ್ಲಿ ಹುಟ್ಟಿದವರು. ಸಾಮ್ರಾಜ್ಯದ ನಾಗರಿಕ ಕಾನೂನು ಸಂಹಿತೆಯನ್ನು ರೂಪಿಸಿದ ಅಹ್ಮೆತ್ ಜೆವ್ದೆತ್ ಪಾಷಾ ಅವರ ಮಗಳು. ಅಣ್ಣನಿಗೆ ಮೇಷ್ಟ್ರು ಮನೆಗೆ ಬಂದು ಪಾಠ ಹೇಳುವಾಗ ಕೇಳಿಸಿಕೊಂಡು ಕಲಿತವರು. ಆಸೆ ನೋಡಿ ಅಪ್ಪ ಫ್ರೆಂಚ್ ಕಲಿಸಿದರು. 17ಕ್ಕೆ ಮದುವೆ. ಗಂಡ ಸೈನ್ಯದ ಅಧಿಕಾರಿ, ಕಾದಂಬರಿ ಓದುವುದಕ್ಕೆ ಬೇಡ ಅಂದರು. ವರ್ಷಗಳು ಕಳೆದ ಮೇಲೆ, ಗಂಡನ ಒಪ್ಪಿಗೆ ಸಿಕ್ಕಿ, ಒಂದು ಫ್ರೆಂಚ್ ಕಾದಂಬರಿಯನ್ನು ತುರ್ಕಿಗೆ ತಂದಾಗ ಹಾಕಿದ ಸಹಿ ‘ಒಬ್ಬ ಮಹಿಳೆ’ ಅಂತ ಮಾತ್ರ. ಸ್ವಂತ ಹೆಸರಿನಲ್ಲಿ ಬರೆಯತೊಡಗಿದ ಮೇಲೆ ಇದನ್ನು ಅಪ್ಪನೋ ಅಣ್ಣನೋ ಬರೆದುಕೊಟ್ಟಿರಬೇಕು ಅಂದರು ಜನ. ಬಹುಪತ್ನಿತ್ವವನ್ನು ಸಮರ್ಥಿಸಿಕೊಂಡ ಮಹ್ಮೂದ್ ಎಸಾದ್ ಜೊತೆ ಅವರು ಬರಹದಲ್ಲೇ ವಾದಕ್ಕಿಳಿದರು. ಧರ್ಮ ಬಿಟ್ಟು ಹೊರಗೆ ನಿಂತು ಅಲ್ಲ, ಇಸ್ಲಾಮಿನ ಒಳಗಿನಿಂದಲೇ. ಇವತ್ತು ಟರ್ಕಿಯ 50 ಲೀರಾ ನೋಟಿನ ಹಿಂಬದಿಯಲ್ಲಿ ಅವರ ಮುಖ ಇದೆ, 2009ರಿಂದ.

ಆ ಕಾಲದ ಇನ್ನೊಂದು ಸಾಲು ನನಗೆ ಬಾಯಿಪಾಠ. 1886ರಲ್ಲಿ ‘ಶುಕೂಫೆಜಾರ್’ ಅಂತ ಒಂದು ಪತ್ರಿಕೆ ಬಂತು. ಒಡತಿ ಆರಿಫೆ ಹಾನಿಮ್, ಬರೆದವರೆಲ್ಲ ಹೆಂಗಸರೇ. ಕೂದಲು ಉದ್ದ, ಬುದ್ಧಿ ಗಿಡ್ಡ ಅಂತ ಗಂಡಸರು ಆಡಿಕೊಂಡು ನಗುವ ಗುಂಪಿನವರು ನಾವು, ಅದು ಸುಳ್ಳು ಅಂತ ತೋರಿಸಲು ನೋಡುತ್ತೇವೆ ಅಂತ ಅದರಲ್ಲಿ ಬರೆದರು. ಓದಲು ಹೆಂಗಸರಿದ್ದರಾ ಅಂದರೆ, ಇದ್ದರು. 1859ರಲ್ಲೇ ಇಸ್ತಾಂಬುಲ್‌ನಲ್ಲಿ ಹುಡುಗಿಯರಿಗೆ ಪ್ರಾಥಮಿಕದ ನಂತರದ ಸರ್ಕಾರಿ ಶಾಲೆ ಶುರುವಾಗಿತ್ತು, 1870ರಲ್ಲಿ ಶಿಕ್ಷಕಿಯರ ತರಬೇತಿ ಶಾಲೆ. ಅಲ್ಲಿ ಕಲಿತು ಹೊರಬಂದ ಹುಡುಗಿಯರೇ ಈ ಪತ್ರಿಕೆಗಳನ್ನು ಓದಿದರು, ಆಮೇಲೆ ಅವುಗಳಿಗೆ ಬರೆದರು ಅಂತ ನನ್ನ ನಂಬಿಕೆ.

ಆದರೆ ಇವರೆಲ್ಲ ಓದುಬರಹ ಬಲ್ಲ ಇಸ್ತಾಂಬುಲ್‌ನ ಹೆಂಗಸರು. ಪಾಷಾಗಳ, ಅಂದರೆ ದೊಡ್ಡ ಅಧಿಕಾರಿಗಳ ಹೆಣ್ಣುಮಕ್ಕಳೇ ಜಾಸ್ತಿ. ಹಳ್ಳಿಯ ಹೆಂಗಸರು, ಕೂಲಿಯವರು ಪತ್ರಿಕೆಗೆ ಬರೆಯಲಿಲ್ಲ, ಬೀದಿಗೆ ಬಂದರು. 1908ರ ಮಾರ್ಚ್‌ನಲ್ಲಿ ಉಶಾಕ್ ಪಟ್ಟಣದಲ್ಲಿ, ಮನೆಯಲ್ಲಿ ಕೂತು ಉಣ್ಣೆ ನೂಲುತ್ತಿದ್ದ ಹೆಂಗಸರು ನೂಲಿನ ಕಾರ್ಖಾನೆಗಳಿಗೆ ನುಗ್ಗಿದರು. ಯಂತ್ರಗಳು ಅವರ ಅನ್ನ ಕಿತ್ತುಕೊಂಡಿದ್ದವು. 1910ರಲ್ಲಿ ಬುರ್ಸಾದ ರೇಷ್ಮೆ ಕಾರ್ಖಾನೆಗಳ ಹೆಂಗಸರು ಮುಷ್ಕರ ಹೂಡಿದರು. ಹಕ್ಕಿನ ಚರಿತ್ರೆ ಅಂದಾಗ ಇವರನ್ನು ಬಿಟ್ಟು ಬರೀ ಬರಹಗಾರ್ತಿಯರ ಹೆಸರು ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಉಲ್ವಿಯೆಯ ಪತ್ರಿಕೆ ಜಾತಿ ಮತ ನೋಡದೆ ಒಟ್ಟೊಮನ್ ಹೆಂಗಸರೆಲ್ಲರ ಪರ ಅಂತ ಹೇಳಿಕೊಂಡಿತ್ತು. ಅದಾಗಿ ಎರಡೇ ವರ್ಷಕ್ಕೆ, 1915ರ ಏಪ್ರಿಲ್‌ನಲ್ಲಿ, ಅದೇ ಊರಿನಲ್ಲಿ ಅರ್ಮೇನಿಯನ್ ಬರಹಗಾರರನ್ನು ಹಿಡಿದೊಯ್ಯಲು ಸರ್ಕಾರ ಮಾಡಿದ ಪಟ್ಟಿಯಲ್ಲಿ ಒಬ್ಬಳೇ ಒಬ್ಬ ಹೆಂಗಸಿದ್ದಳು, ಜಬೆಲ್ ಯೆಸಾಯನ್. ಇಸ್ತಾಂಬುಲ್‌ನಲ್ಲೇ ಹುಟ್ಟಿದ ಕಾದಂಬರಿಗಾರ್ತಿ, ಹೆಂಗಸರ ಬಗ್ಗೆ ಗಟ್ಟಿಯಾಗಿ ಬರೆದವಳು. ತಲೆಮರೆಸಿಕೊಂಡು ಬಲ್ಗೇರಿಯಾಕ್ಕೆ ಪಾರಾದಳು. ಆಗಿನ ಹತ್ಯಾಕಾಂಡದಲ್ಲಿ ಅವಳ ಜನರಲ್ಲಿ ಲಕ್ಷಾಂತರ ಮಂದಿ ಉಳಿಯಲಿಲ್ಲ. ಬೆದ್ರಾಳ ಗೆಲುವನ್ನು ಓದಿ ಖುಷಿಪಟ್ಟ ಮನಸ್ಸು ಇಲ್ಲಿಗೆ ಬಂದರೆ ಕುಸಿಯುತ್ತದೆ.

ಮೊದಲ ಮಹಾಯುದ್ಧ ಗಂಡಸರನ್ನು ಗಡಿಗೆ ಕಳಿಸಿತು. ಹೆಂಗಸರು ಅಂಚೆ ಕಚೇರಿ, ಕಾರ್ಖಾನೆ, ಬೀದಿ ಗುಡಿಸುವ ಕೆಲಸಕ್ಕೆ ಬಂದರು. 1914ರಲ್ಲಿ ಹೆಂಗಸರಿಗೆ ಬೇರೆ ವಿಶ್ವವಿದ್ಯಾಲಯ ತೆರೆಯಿತು. 1917ರಲ್ಲಿ ಹೊಸ ಕುಟುಂಬ ಕಾನೂನು. ಅದರ ಪ್ರಕಾರ, ಗಂಡ ಇನ್ನೊಂದು ಮದುವೆಯಾಗಬಾರದು ಅಂತ ಹೆಂಗಸು ಮದುವೆಯ ಕರಾರಿನಲ್ಲೇ ಷರತ್ತು ಹಾಕಬಹುದಿತ್ತು. 1919ರಲ್ಲಿ ಅದನ್ನು ರದ್ದು ಮಾಡಿದರು.

ಆ ಕಾನೂನು ಬರುವ ಏಳು ವರ್ಷ ಮುಂಚೆಯೇ ಕಾದಂಬರಿಗಾರ್ತಿ ಹಾಲಿದೆ ಎದಿಬ್ ತನ್ನ ದಾರಿ ತಾನು ನೋಡಿಕೊಂಡಿದ್ದರು. 1910ರಲ್ಲಿ ಗಂಡ ಎರಡನೇ ಮದುವೆಗೆ ಹೊರಟಾಗ ವಿಚ್ಛೇದನ ಪಡೆದು ಇಬ್ಬರು ಗಂಡುಮಕ್ಕಳ ಜೊತೆ ಹೊರಬಂದರು. 1919ರಲ್ಲಿ, ಇಸ್ತಾಂಬುಲ್ ಪರಕೀಯರ ಕೈಯಲ್ಲಿದ್ದಾಗ, ಸುಲ್ತಾನಹ್ಮೆತ್ ಬಯಲಿನಲ್ಲಿ ಕಿಕ್ಕಿರಿದ ಜನರ ಮುಂದೆ ಭಾಷಣ ಮಾಡಿದರು. ಅತಾತುರ್ಕ್ ಜೊತೆ ಸ್ವಾತಂತ್ರ್ಯ ಯುದ್ಧದಲ್ಲಿ ದುಡಿದರು. ಆಮೇಲೆ ಭಿನ್ನಾಭಿಪ್ರಾಯ ಬಂದು ದೇಶ ಬಿಟ್ಟರು. 1935ರ ಶುರುವಿನಲ್ಲಿ ಅವರು ನಮ್ಮ ದೇಶಕ್ಕೆ ಬಂದಿದ್ದರು, ಕಾಂಗ್ರೆಸ್ ನಾಯಕ ಡಾ. ಅನ್ಸಾರಿಯವರ ಕರೆಯ ಮೇಲೆ. ದೆಹಲಿಯ ಜಾಮಿಯಾ ಮಿಲ್ಲಿಯಾ ವಿದ್ಯಾಸಂಸ್ಥೆಯಲ್ಲಿ ಸಾಲು ಭಾಷಣ ಮಾಡಿದರು, ಗಾಂಧೀಜಿಯೂ ಬಂದಿದ್ದರು. ಆ ಫೆಬ್ರವರಿಯಲ್ಲೇ ಟರ್ಕಿಯಲ್ಲಿ ಚುನಾವಣೆ ನಡೆದು ಮೊದಲ ಸಲ ಹೆಂಗಸರು ಸಂಸತ್ತಿಗೆ ಆರಿಸಿ ಬಂದರು. ಹಾಲಿದೆ ಆ ಸಾಲಿನಲ್ಲಿ ಇರಲಿಲ್ಲ, ನೆಜಿಹೆಯೂ ಇರಲಿಲ್ಲ.

ಹಾಲಿದೆ ಭಾರತದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಅದರ ಪ್ರತಿ ಇದೆಯಾ ಅಂತ ಸೋಮವಾರ ಹೋಗಿ ಕೇಳಬೇಕು. ಸಿಕ್ಕರೆ ಓದಿ, ಅವರು ಇಲ್ಲಿನ ಹೆಂಗಸರ ಬಗ್ಗೆ ಏನು ಹೇಳಿದ್ದಾರೆ ಅಂತ ಇಲ್ಲೇ ಬರೆಯುತ್ತೇನೆ.